ನೆಟ್ಟವರು ಕಾಣದ ತೆನೆ

ನನ್ನ ಗಂಡ ನಾಲ್ಕು ವರ್ಷ ಭತ್ತ ನೆಟ್ಟರು. ನಾಲ್ಕು ವರ್ಷವೂ ಅದರ ತೆನೆಯನ್ನು ಫೋನಿನಲ್ಲಿ ನೋಡಿದರೇ ಹೊರತು ಗದ್ದೆಯಲ್ಲಿ ನೋಡಲಿಲ್ಲ. ಅವರು ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಜೂನ್, ಜುಲೈ ಎರಡು ತಿಂಗಳು ಕಡಲಿಗೆ ಇಳಿಯಬಾರದೆಂದು ಸರ್ಕಾರದ ನಿಷೇಧ. ನಮ್ಮ ಕಡೆ ಗದ್ದೆ ನೆಡುವುದೂ ಸರಿಯಾಗಿ ಅದೇ ಹೊತ್ತಿಗೆ. ಆಗಸ್ಟ್ ಬಂತೆಂದರೆ ಅವರು ಕುಮಟಾ ದಾಟಿ ತದಡಿ ಬಂದರಿಗೆ ಹೋಗುತ್ತಾರೆ, ಹಸಿರು ಗದ್ದೆ ನನ್ನ ಪಾಲಿಗೆ ಉಳಿಯುತ್ತದೆ. ಕೊಯ್ಲು ಬರುವುದು ಅಕ್ಟೋಬರಿನಲ್ಲಿ, ಮೀನು ಜೋರಾಗಿ ಬೀಳುವ ಕಾಲದಲ್ಲಿ. ಆಗ ಯಾವ ತಾಂಡೇಲನೂ ದಡದಲ್ಲಿ ಇರುವುದಿಲ್ಲ. ನಾನು ಶಿರಾಲಿ ಹತ್ತಿರದ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ದಸರಾ ರಜೆ ಬೀಳುವುದು ಅಕ್ಟೋಬರಿನಲ್ಲೇ. ಹಾಗಾಗಿ ಅವರ ರಜೆ ನೆಡುವುದಕ್ಕೆ, ನನ್ನ ರಜೆ ಕೊಯ್ಯುವುದಕ್ಕೆ.

ನಮ್ಮ ಮನೆ ತೆಂಗಿನಗುಂಡಿ ಎಂಬ ಊರಿನಲ್ಲಿ, ಹೊಯಿಗೆಯ, ಅಂದರೆ ಕಡಲದಂಡೆಯ ಮರಳಿನ ಮೇಲೆ. ಅಂಗಳದಲ್ಲಿ ಎರಡು ತೆಂಗಿನಮರ ಬಿಟ್ಟರೆ ಒಂದು ಬಸಳೆ ಬಳ್ಳಿಯೂ ನೆಟ್ಟಗೆ ಏಳುವುದಿಲ್ಲ. ನಮ್ಮ ಜನಕ್ಕೆ ನೆಲ ಅಂದರೆ ಬಲೆ ಒಣಗಿಸಲು ಬೇಕಾದಷ್ಟೇ. ಅತ್ತೆ ಬುಟ್ಟಿ ಹೊತ್ತು ಮಂಕಿ ಊರಿನ ಮನೆಮನೆಗೆ ಮೀನು ಮಾರುತ್ತಿದ್ದರಂತೆ. ಸುಗ್ಗಿಯ ಹೊತ್ತಿಗೆ ಆ ಮನೆಯವರು ಮೀನಿಗೆ ಬದಲು ಅಕ್ಕಿ ಕೊಡುತ್ತಿದ್ದರಂತೆ. ಆ ಅಕ್ಕಿಯ ಗಂಜಿಯ ರುಚಿ ಅಂಗಡಿ ಅಕ್ಕಿಗೆ ಬರುವುದಿಲ್ಲ ಎಂದು ನನ್ನ ಗಂಡ ಮದುವೆಯಾದ ಹೊಸತರಲ್ಲೇ ಹೇಳಿದ್ದರು. ಆಮೇಲೆ ಅದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಒಂದು ದಿನ ಸಮುದ್ರದ ಸಹವಾಸ ಬಿಟ್ಟು ಗದ್ದೆ ಬದಿಯಲ್ಲಿ ಮನೆ ಕಟ್ಟಿ, ಒಂದು ದನ ಸಾಕಿ, ನಮ್ಮ ನೆಲದ ಅಕ್ಕಿ, ನಮ್ಮ ನೆಲದ ತರಕಾರಿ ತಿಂದುಕೊಂಡು ಇರುವುದು ಅವರ ಕನಸು. ನಾನು ಹೂಂ ಅನ್ನುತ್ತಿದ್ದೆ. ಮೊದಲೆಲ್ಲ ರೈತರಲ್ಲದವರು ಗದ್ದೆ ಕೊಳ್ಳಲು ಕಾನೂನು ಬಿಡುತ್ತಿರಲಿಲ್ಲ. ಆ ಧೈರ್ಯದ ಮೇಲೆ ಹೂಂ ಅನ್ನುತ್ತಿದ್ದೆ.

ಆ ಕಾನೂನು ಬದಲಾಯಿತು. ಸುದ್ದಿ ಕೇಳಿದ ಮರುವಾರವೇ ಇವರು ಮಂಕಿಯಲ್ಲಿ ಗದ್ದೆ ಹುಡುಕಲು ಹೊರಟರು. ಸಿಕ್ಕಿದ್ದು ಹೆದ್ದಾರಿಯಿಂದ ಒಳಗೆ, ತೋಟದ ಕೆಳಗಿನ ಒಂದು ತುಂಡು. ಪಕ್ಕದ ಗದ್ದೆಯ ಹೆಂಗಸು, ನನಗಿಂತ ಹಿರಿಯರು, ನಾವು ಕೊಂಡದ್ದು ಕೇಳಿ ನಕ್ಕುಬಿಟ್ಟಿದ್ದರು. ಅವರ ಗದ್ದೆಯ ಅರ್ಧ ಆಗಲೇ ಹುಲ್ಲು ಬೆಳೆದು ಪಾಳು ಬಿದ್ದಿತ್ತು. ಇದ್ದವರೇ ಬಿಡುತ್ತಿರುವಾಗ ಕಡಲಿನವರು ಬಂದು ಹಿಡಿಯುತ್ತಿದ್ದಾರಲ್ಲ ಎಂದು ಅವರಿಗೆ ಸೋಜಿಗ.

ಗದ್ದೆಗೆ ಇಳಿದ ಎರಡು ತಿಂಗಳು ನನ್ನ ಗಂಡ ಬೇರೆಯೇ ಮನುಷ್ಯ. ಮಳೆ ಹೊಡೆಯುತ್ತಿದ್ದರೂ ಬೆಳಗಿನ ಮೊದಲ ಬಸ್ಸಿಗೇ ಹೊರಡುವರು. ಸಂಜೆ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬಂದು ನನ್ನ ಒರೆಸಿದ ನೆಲದ ಮೇಲೆ ನಿಂತು ಗದ್ದೆಯ ವರದಿ ಒಪ್ಪಿಸುವರು. ಬೋಟಿನಲ್ಲಿ ಹುಡುಗರ ಮೇಲೆ ರೇಗಿ ರೇಗಿ ಗಂಟಲು ಕಟ್ಟಿಸಿಕೊಂಡು ಬರುವವರು ಇಲ್ಲಿ ಸಸಿಯ ಜೊತೆ ಮೆತ್ತಗೆ ಮಾತಾಡುತ್ತಾರೆಂದು ಪಕ್ಕದ ಗದ್ದೆಯವರೇ ನನಗೆ ಹೇಳಿದ್ದು. ಆಗಸ್ಟಿನಲ್ಲಿ ಅವರು ಮಾಯವಾಗುವುದನ್ನು ನೋಡಿ ಊರವರು ಅವರಿಗೆ ನೆಟ್ಟಿ ತಾಂಡೇಲ ಎಂದು ಹೆಸರನ್ನೂ ಇಟ್ಟರು.

ಕೊಯ್ಯುವವಳಿಗೆ ಯಾರೂ ಹೆಸರು ಇಡಲಿಲ್ಲ. ಕೊಯ್ಲಿನ ಮೆಷಿನು ನಮ್ಮ ತುಂಡಿಗೆ ಇಳಿಯುವುದಿಲ್ಲ, ದಾರಿ ಸಣ್ಣದು, ನೆಲ ಹಸಿ. ಆಳು ಸಿಕ್ಕಿದರೆ ಪುಣ್ಯ. ನಾಲ್ಕು ದಸರಾ ರಜೆಯನ್ನು ನಾನು ಕತ್ತಿ ಹಿಡಿದು ಬಗ್ಗಿಕೊಂಡೇ ಕಳೆದೆ. ಕೊಯ್ದು ಹರಡಿದರೆ ಮಳೆ, ಮಳೆಯಿಲ್ಲದಿದ್ದರೆ ನವಿಲು. ಹಲಗೆಗೆ ಬಡಿದು, ತೂರಿ, ಚೀಲ ಕಟ್ಟಿ, ಟೆಂಪೋದವನ ಕೈಕಾಲು ಹಿಡಿದು ಮಿಲ್ಲಿಗೆ ಸಾಗಿಸುವ ಹೊತ್ತಿಗೆ ಶಾಲೆ ಶುರು. ಜೊತೆಯ ಅಕ್ಕೋರುಗಳು ರಜೆಯಲ್ಲಿ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ ಮಂಕಿಗೆ ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಹೊನ್ನಾವರದಲ್ಲಿ ಕಾಲೇಜು ಓದುವ ಮಗಳಿಗೆ ಕೆಸರು ಕಂಡರಾಗದು, ಅವಳನ್ನು ಕರೆದು ಫಲವಿಲ್ಲ. ಬೋಟು ಸಿಗ್ನಲ್ ಸಿಗುವಷ್ಟು ಹತ್ತಿರ ಬಂದಾಗ ಇವರ ಫೋನು ಬರುತ್ತಿತ್ತು. ತೆನೆ ಎಷ್ಟುದ್ದ, ಕಾಳು ತುಂಬಿದೆಯೋ, ಫೋಟೋ ಕಳಿಸು. ಬಗ್ಗಿದ ಬೆನ್ನನ್ನು ಕಷ್ಟಪಟ್ಟು ಎತ್ತಿ ಫೋಟೋ ತೆಗೆಯುತ್ತಿದ್ದೆ. ನನ್ನ ಬೆನ್ನು ಹೇಗಿದೆ ಎಂದು ಒಂದು ದಿನವೂ ಕೇಳಿದವರಲ್ಲ.

ನಾಲ್ಕನೆಯ ಕೊಯ್ಲು ಮುಗಿದ ಮೇಲೆ ನಾನು ಹಾಸಿಗೆ ಹಿಡಿದೆ. ಶಾಲೆಗೆ ಮತ್ತೆ ರಜೆ ಹಾಕಬೇಕಾಯಿತು. ಅವರು ಬೋಟಿನಿಂದ ಬಂದ ದಿನ ಮಲಗಿದಲ್ಲಿಂದಲೇ ಹೇಳಿದೆ.

"ಗದ್ದೆ ಬೇಕಾದ್ರೆ ನೀವು ಇಲ್ಲಿರಿ. ಬೋಟು ಬೇಕಾದ್ರೆ ಗದ್ದೆ ಮಾರಿ. ನನ್ನ ಕೈಲಿ ಇನ್ನು ಆಗೂದಿಲ್ಲ."

ಜಗಳವಾಗುತ್ತದೆ ಅಂದುಕೊಂಡಿದ್ದೆ. ಅವರು ನನ್ನ ಕಾಲ ಬಳಿ ಕೂತರು. "ಆತು. ಬರೂ ವರ್ಷ ನಾನೇ ಕೊಯ್ತೆ," ಎಂದರು.

ಮಾತಿಗೆ ತಪ್ಪಲಿಲ್ಲ. ಈ ವರ್ಷ ನಿಷೇಧ ಮುಗಿದು ಬೋಟುಗಳು ಹೊರಟಾಗ ಅವರು ಹೋಗಲಿಲ್ಲ. ಬೋಟಿನ ಧಣಿ ಬೇರೆಯವರನ್ನು ಹಾಕಿಕೊಂಡರು. ನಾನು ಎಷ್ಟೋ ವರ್ಷದ ಮೇಲೆ ಆಗಸ್ಟ್ ತಿಂಗಳಲ್ಲಿ ಗಂಡನ ಜೊತೆ ಕೂತು ಊಟ ಮಾಡಿದೆ. ಶಾಲೆಯಿಂದ ಬಂದರೆ ಮನೆ ಬಾಗಿಲು ತೆರೆದಿರುತ್ತಿತ್ತು, ಒಲೆಯ ಮೇಲೆ ಚಾ ಇರುತ್ತಿತ್ತು. ಸಕ್ಕರೆ ಜಾಸ್ತಿ ಹಾಕುತ್ತಿದ್ದರು, ಕುಡಿಯುತ್ತಿದ್ದೆ. ಖುಷಿಯಾಗಿದ್ದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಗೌರಿ ಗಣೇಶ ಹಬ್ಬದ ಹೊತ್ತಿಗೆ ಅವರು ಸೊರಗಿದ್ದು ಕಣ್ಣಿಗೆ ಬಿತ್ತು. ಗದ್ದೆಗೆ ದಿನವೂ ಹೋಗುತ್ತಿದ್ದರು, ಆದರೆ ಗದ್ದೆಯ ವರದಿ ನಿಂತುಹೋಗಿತ್ತು. ಪಕ್ಕದ ಗದ್ದೆಯವರನ್ನು ಕೇಳಿದರೆ, ಕಳೆ ಕಿತ್ತು ಮುಗಿಸಿ ಬದುವಿನ ಮೇಲೆ ಸುಮ್ಮನೆ ಕೂತಿರುತ್ತಾರೆ ಎಂದರು. ರಾತ್ರಿ ನಿದ್ದೆಯಿಲ್ಲದೆ ಹಾಸಿಗೆಯಲ್ಲಿ ಹೊರಳಾಡುತ್ತಿದ್ದರು. ಗ್ಯಾಸ್ಟ್ರಿಕ್ ಅಂದರು, ಸೆಕೆ ಅಂದರು. ಭಟ್ಕಳದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಅವರು ನಿದ್ದೆಗೆ ಗುಳಿಗೆ ಕೊಟ್ಟರು. ಬೋಟಿಗೆ ಮೀನು ಬೀಳುತ್ತಿಲ್ಲವೆಂದು ಧಣಿಯ ಫೋನು ಬಂದರೆ ಆಚೆ ಹೋಗಿ ಬಹಳ ಹೊತ್ತು ಮಾತಾಡುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಸಲ ಕೊಯ್ದು, ಆ ಅಕ್ಕಿಯ ಗಂಜಿ ಉಂಡರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದೆ.

ದಸರಾ ರಜೆ ಬಂತು. ಇಬ್ಬರೂ ಕತ್ತಿ ಹಿಡಿದು ಗದ್ದೆಗೆ ಇಳಿದೆವು. ಬೆಳೆ ಚೆನ್ನಾಗಿತ್ತು, ಅಷ್ಟು ಚೆನ್ನಾಗಿ ಯಾವ ವರ್ಷವೂ ಬಂದಿರಲಿಲ್ಲ. ನಾಲ್ಕು ಸಾಲು ಕೊಯ್ದವರು ಒಂದು ಹಿಡಿ ತೆನೆಯನ್ನು ಕೈಯಲ್ಲಿಟ್ಟುಕೊಂಡು ಬದುವಿನ ಮೇಲೆ ಕೂತುಬಿಟ್ಟರು. ಸುಸ್ತಾಯಿತೇ ಎಂದು ಕೇಳಿದೆ. ತಲೆ ಅಲ್ಲಾಡಿಸಿದರು.

"ಬೋಟಲ್ಲಿ ಮಲಗಿ ಕಣ್ಣು ಮುಚ್ಚಿದ್ರೆ ಈ ಗದ್ದೆ ಕಾಣ್ತಿತ್ತು. ಅದನ್ನ ನೋಡ್ತಾ ನೋಡ್ತಾ ನಿದ್ದೆ ಬತ್ತಿತ್ತು. ಈಗ ಗದ್ದೆ ಎದ್ರಿಗೇ ಇದೆ. ಕಣ್ಣು ಮುಚ್ಚಿದ್ರೆ ಎಂತ ಕಾಣೂದು ಹೇಳು?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕತ್ತಿಯನ್ನು ಕೆಸರಿಗೆ ಎಸೆದೆ. ನನ್ನ ನಾಲ್ಕು ವರ್ಷದ ರಜೆ, ನನ್ನ ಬೆನ್ನು, ಈ ಮನುಷ್ಯನ ನಿದ್ದೆಗೆ ಖರ್ಚಾದವೇ ಎಂದು ಅನ್ನಿಸಿತು. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಪಕ್ಕದ ಗದ್ದೆಯವರು ಕೇಳಿಸಿಕೊಂಡರೂ ಕೇಳಿಸದವರ ಹಾಗೆ ಹುಲ್ಲು ಕೊಯ್ಯುತ್ತಿದ್ದರು. ಇವರು ತಲೆ ತಗ್ಗಿಸಿ ಕೂತಿದ್ದರು. ಬೈದು ಬೈದು ನನಗೇ ದಣಿವಾಯಿತು. ನೀರು ಕುಡಿದು, ಧಣಿಗೆ ಫೋನು ಮಾಡಿ ಬೋಟಿಗೆ ಹೊರಡಿ ಎಂದೆ.

ಕೊಯ್ದ ಭತ್ತ ಇನ್ನೂ ಒಣಗುತ್ತಿರುವಾಗಲೇ ಅವರು ತದಡಿಗೆ ಹೋದರು. ಬಡಿದದ್ದು, ತೂರಿದ್ದು, ಮಿಲ್ಲಿಗೆ ಹಾಕಿದ್ದು ಮತ್ತೆ ನಾನೇ.

ನವೆಂಬರಿನಲ್ಲಿ ಒಂದು ಸಂಜೆ ಅವರ ಫೋನು ಬಂತು. ದನಿ ಸೋತಿತ್ತು. ಗದ್ದೆ ಮಾರಿಬಿಡುವ, ನೀನು ಹೇಳಿದ್ದೇ ಸರಿ, ನಿನಗೂ ಸಾಕಾಗಿದೆ ಎಂದರು. ವರ್ಷಗಟ್ಟಲೆ ಕಾದಿದ್ದ ಮಾತು. ಆತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಿದ್ದೆ ಬರುತ್ತಿದೆಯೇ ಎಂದು ಕೇಳಿದೆ. ಗುಳಿಗೆ ನುಂಗುತ್ತಿದ್ದೀರಾ ಎಂದೆ. ಬೋಟಿನಲ್ಲಿ ಅದನ್ನು ನುಂಗುವ ಹಾಗಿಲ್ಲ, ನುಂಗಿದರೆ ಬೋಟು ನೋಡುವವರು ಯಾರು ಎಂದರು. ನಡುನೀರಿನಲ್ಲಿ ಏಳೆಂಟು ಜನರನ್ನು ಕರೆದುಕೊಂಡು ಹೋಗಿರುವ ಮನುಷ್ಯ ಕಣ್ಣು ಮುಚ್ಚದೆ ಮಲಗಿರುವುದು ನನ್ನ ಎದುರಿಗೇ ನಡೆದ ಹಾಗೆ ಕಂಡಿತು.

ಗದ್ದೆಯಲ್ಲಿ ಆಗ ಇದ್ದದ್ದು ಕೊಯ್ದ ಭತ್ತದ ಕೂಳೆ ಮಾತ್ರ. ಪಕ್ಕದವರ ದನ ಅದರಲ್ಲಿ ಮೇಯುತ್ತಿತ್ತು.

"ಮಾರೂಕೆ ಹೇಗೆ ಆತದೆ? ಉದ್ದು ಬಿತ್ತಿದ್ದೆ. ಮೊಳಕೆ ಬಂದದೆ," ಎಂದೆ.

ಎಷ್ಟು ಎಲೆ ಬಂದಿದೆ ಎಂದು ಕೇಳಿದರು. ಎರಡೆರಡು ಎಲೆ ಎಂದೆ. ಯಾವ ಕಡೆಯಿಂದ ಬಿತ್ತಿದ್ದೀಯ, ತೋಟದ ಬದಿಯಲ್ಲಿ ನೆರಳು ಬೀಳುವುದಿಲ್ಲವೇ ಎಂದರು. ಅದಕ್ಕೂ ಏನೋ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ದನಿ ನಿಧಾನವಾಯಿತು, ಕಣ್ಣು ಎಳೆಯುತ್ತಿದೆ, ಮಲಗುತ್ತೇನೆ ಎಂದು ಫೋನು ಇಟ್ಟರು.

ಮರುದಿನ ಶಾಲೆ ಬಿಟ್ಟ ಮೇಲೆ ಶಿರಾಲಿಯ ಅಂಗಡಿಯಲ್ಲಿ ಉದ್ದಿನ ಬೀಜ ಕೊಂಡು ಮಂಕಿಯ ಬಸ್ಸು ಹತ್ತಿದೆ.