ಉಸಿರು ಬಿಡದ ಸಿಮೆಂಟ್

೨೦೧೨ರಲ್ಲಿ ನಾನು ಮಹಾಪೆಯ ಒಂದು ಖಾಸಗಿ ಲ್ಯಾಬಿನಲ್ಲಿ ಬೋನ್ ಸಿಮೆಂಟ್ ವಿಭಾಗದ ಮುಖ್ಯಸ್ಥನಾಗಿದ್ದೆ. ಮೂಳೆಯೊಳಗಿನ ಪೊಳ್ಳು ತುಂಬಲು ಸಿರಿಂಜಿನಿಂದ ಹಾಕುವ ಕ್ಯಾಲ್ಸಿಯಂ ಫಾಸ್ಫೇಟ್ ಪೇಸ್ಟ್ ಅದು. ಬರೀ ಗಟ್ಟಿಯಾದರೆ ಸಾಲದು, ಒಳಗೆ ಒಂದಕ್ಕೊಂದು ಕೂಡಿಕೊಂಡ ಸಣ್ಣ ರಂಧ್ರಗಳಿರಬೇಕು. ಅವುಗಳ ಮೂಲಕ ರಕ್ತನಾಳ ನುಗ್ಗಿ ಹೊಸ ಮೂಳೆ ಬೆಳೆಯುತ್ತದೆ, ಸಿಮೆಂಟ್ ಮೆಲ್ಲಗೆ ಕರಗುತ್ತದೆ. ಅದಕ್ಕಾಗಿ ಸೋಡಾ, ಸಿಟ್ರಿಕ್ ಆಸಿಡ್ ಬೆರೆಸಿ ಪೇಸ್ಟನ್ನು ಉಬ್ಬಿಸುತ್ತಿದ್ದೆವು.

ಕಲಸುವವನು ನನ್ನ ಸಹಾಯಕ ಸದಾನಂದ. ಐವತ್ತು ದಾಟಿದ ಉಡುಪಿಯವನು. ಡೊಂಬಿವಲಿಯ ಹೋಟೆಲಿನಲ್ಲಿ ವರ್ಷಗಟ್ಟಲೆ ಇಡ್ಲಿ ಹಿಟ್ಟು ಕಲಸಿ ಬಂದವನು. ಅವನ ಕೈಯ ಹದ ನಮ್ಮ ಪಿಎಚ್‌ಡಿಗಳಿಗೆ ಬರಲಿಲ್ಲ. ನನಗೂ ಬರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಗಟ್ಟಿಯಾದ ತುಂಡುಗಳನ್ನು ಬೆಚ್ಚಗಿನ ನೀರಿಗೆ ಇಳಿಸಿದರೆ ರಂಧ್ರಗಳ ಗಾಳಿ ಹೊರಬರುತ್ತ ಸದ್ದಾಗುತ್ತಿತ್ತು. ಸುಂಯ್... ತಡೆದು, ಮತ್ತೆ ಸುಂಯ್. ಯಾರೋ ನೀರೊಳಗೆ ಮಲಗಿ ಉಸಿರಾಡುತ್ತಿರುವ ಹಾಗೆ. ಕಾರಣ ಗೊತ್ತಿದ್ದೂ ಮಧ್ಯಾಹ್ನದ ಖಾಲಿ ಕೋಣೆಯಲ್ಲಿ ನನ್ನ ಮೈ ಜುಮ್ಮೆನ್ನುತ್ತಿತ್ತು.

ಒಂದು ಗುರುವಾರ ಕೊನೆಯ ರಿಹರ್ಸಲ್. ಮರುದಿನ ಮಾಜಿವಾಡಾ ಬಳಿಯ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದ ಹುಡುಗಿಯ ಕಾಲಿನ ಮೂಳೆಗೆ ನಮ್ಮ ಸಿಮೆಂಟ್. ಅಲ್ಲೂ ಕಲಸುವವನು ಸದಾನಂದನೇ. ಅವನು ಆರು ತುಂಡುಗಳನ್ನು ನೀರಿಗಿಳಿಸಿದ. ಸದ್ದಿಲ್ಲ. ಅರ್ಧ ಗಂಟೆ ಕಾದೆ. ಆರೂ ಹೆಣದ ಹಾಗೆ ತೆಪ್ಪಗೆ ಬಿದ್ದಿದ್ದವು. ಆ ಮೌನ ನನಗೆ ಸದ್ದಿಗಿಂತ ಹೆಚ್ಚು ಭಯ ಹುಟ್ಟಿಸಿತು.

“ಇವತ್ತು ಒಂದೂ ಬಾಯಿ ಬಿಡ್ಲಿಲ್ಲ ಮಾರಾಯ್ರೆ,” ಎಂದ ಸದಾನಂದ, ನೆಮ್ಮದಿಯಿಂದ.

ಮ್ಯಾನೇಜರಿಗೂ ಖುಷಿ. “ಸ್ಟ್ರೆಂತ್ ತೋ ಬಢಿಯಾ ಹೈ, ಕಲ್ ಚಲೇಗಾ.” ಬಲ ಚೆನ್ನಾಗಿದೆ, ನಾಳೆಗೆ ಇದೇ ಸಾಕು ಎಂದು ಅವರ ಮಾತು.

ರಂಧ್ರ ಕಡಿಮೆಯಾದರೆ ಬಲ ಹೆಚ್ಚುವುದು ಸಹಜ. ಒಂದು ತುಂಡನ್ನು ಒಡೆದೆ. ಒಳಗೆ ಸೀಮೆಸುಣ್ಣದ ಹಾಗೆ ನುಣುಪು. ಇದು ಮಗುವಿನ ಕಾಲಲ್ಲಿ ಬರೀ ಕಲ್ಲಾಗಿ ಕೂರುತ್ತಿತ್ತು. ಮೂಳೆ ಒಳಗೆ ಬೆಳೆಯದೆ ಮುಂದೊಂದು ದಿನ ಅಲ್ಲೇ ಮುರಿಯಬಹುದಿತ್ತು.

“ಎಂತ ಮಾಡಿದಿ?” ಗದರಿದೆ.

ಅವನು ತಲೆ ತಗ್ಗಿಸಿದ. “ಹೋಟೆಲಲ್ಲಿ ಹಿಟ್ಟು ಜಾಸ್ತಿ ಉಬ್ಬಿದ್ರೆ ಪಾತ್ರೆ ತಟ್ಟಿ ಗಾಳಿ ಇಳಿಸ್ತೇವಲ್ಲ ಸರ್, ಹಾಗೇ ತಟ್ಟಿದೆ. ಆ ಸದ್ದು ನಂಗೆ ಆಗುದಿಲ್ಲ. ಅಮ್ಮ ಹೋಗುವಾಗ ಹೀಗೇ ಉಸಿರು ಎಳೀತಿದ್ರು. ದಿನಾ ಅದನ್ನೇ ಕೇಳ್ಬೇಕಲ್ಲ.”

ನಾನೂ ಹೆದರುತ್ತಿದ್ದೆ, ಅವನೆದುರು ನಕ್ಕು ಮುಚ್ಚಿಡುತ್ತಿದ್ದೆ. ನಾಚಿಕೆಯಾಯಿತು. ಅವನನ್ನು ಕೂರಿಸಿ, ಆ ಗಾಳಿ ಬಿಟ್ಟುಹೋದ ಜಾಗಕ್ಕೇ ಹುಡುಗಿಯ ರಕ್ತ ಬರಬೇಕು ಎಂದೆ. ಅಲ್ಲಿಯವರೆಗೆ ಹೇಗೆ ಕಲಸಬೇಕೆಂದು ಹೇಳಿದ್ದೆನೇ ಹೊರತು ಯಾಕೆಂದು ಹೇಳಿರಲಿಲ್ಲ.

ಶುಕ್ರವಾರ ಆಪರೇಷನ್ ಥಿಯೇಟರಿನಲ್ಲಿ ಅವನು ಕಲಸಿದ. ಪೇಸ್ಟ್ ಸಣ್ಣಗೆ ಸುಂಯ್‌ಗುಟ್ಟಿತು. ಹೋಟೆಲಿನ ರೂಢಿಯಂತೆ ಬಟ್ಟಲು ತಟ್ಟಲು ಏರಿದ ಅವನ ಕೈ ಗಾಳಿಯಲ್ಲೇ ನಿಂತಿತು. ಮಾಸ್ಕಿನ ಮೇಲೆ ಕಣ್ಣು ತುಂಬಿತ್ತು.

ಮುಂದಿನ ವರ್ಷ ಹುಡುಗಿಯ ಎಕ್ಸ್‌ರೇ ಬಂತು. ಸಿಮೆಂಟ್ ಇದ್ದಲ್ಲಿ ಬಹುಪಾಲು ಮೂಳೆಯೇ ಕಾಣುತ್ತಿತ್ತು.

“ನಮ್ಮದು ಎಲ್ಲಿ ಸರ್?”

“ಅವಳ ಮೂಳೆ ತಿಂದು ಮುಗಿಸ್ತು ಮಾರಾಯ.”

ಅವನು ಎಕ್ಸ್‌ರೇಗೇ ಕೈ ಮುಗಿದ. ಕಲಸಿದವನಿಗೆ ಏನಾದರೂ ಭಯವಿದೆಯೇ ಎಂದು ಕೇಳದೆ, ನಿವೃತ್ತನಾಗುವವರೆಗೆ ನಾನು ಒಂದು ಟೆಸ್ಟ್ ರಿಪೋರ್ಟಿಗೂ ಸಹಿ ಹಾಕಲಿಲ್ಲ.