ಇಟ್ಟಿಗೆ ದಾರಿಯನ್ನು ಕಂಪ್ಯೂಟರ್ ಬರೆಯಲಿಲ್ಲ

ವಿಶಾಖಪಟ್ಟಣದ ನಮ್ಮ ಆಫೀಸಿನಲ್ಲಿ ಕಂಪ್ಯೂಟರಿಗೆ ಎಸಿ ಇತ್ತು, ನಮಗೆ ಫ್ಯಾನು. ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಹುಬ್ಬಳ್ಳಿಯಲ್ಲಿ ನಕ್ಷೆ ಬರೆಯುವ ಕೋರ್ಸು ಮುಗಿಸಿದ್ದ ನಾನು, ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಧಾರವಾಡದವರನ್ನು ಮದುವೆಯಾಗಿ ಕಾರ್ಖಾನೆಯ ಹತ್ತಿರದ ಗಾಜುವಾಕದ ಬಾಡಿಗೆ ಮನೆಗೆ ಬಂದವಳು. ದಿನವಿಡೀ ಮನೆಯಲ್ಲಿ ಕೂತು ಕಿಟಕಿಯ ಮೇಲಿನ ಕರಿದೂಳು ಒರೆಸುವುದು ನನ್ನಿಂದಾಗುವ ಮಾತಲ್ಲ. ಬಸ್ಸು ಹತ್ತಿ ಊರೊಳಗೆ ಹೋಗಿ ಒಬ್ಬ ಆರ್ಕಿಟೆಕ್ಟರ ಹತ್ತಿರ ಕೆಲಸ ಹಿಡಿದೆ. ಟ್ರೇಸಿಂಗ್ ಹಾಳೆ, ಇಂಕ್ ಪೆನ್ನು, ಗೆರೆ ತಪ್ಪಿದರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯುವುದು. ಪ್ರತಿ ಹಾಳೆಯ ಬಲಗಡೆ ಕೆಳಗೆ ಒಂದು ಪಟ್ಟಿ ಇರುತ್ತಿತ್ತು. ಅದರಲ್ಲಿ ಕಟ್ಟಡದ ಹೆಸರು, ತಾರೀಖು, ಬರೆದವರು, ತಪಾಸಣೆ ಮಾಡಿದವರು. ‘ಬರೆದವರು’ ಅನ್ನುವ ಪುಟ್ಟ ಚೌಕದಲ್ಲಿ ನನ್ನ ಹೆಸರಿನ ಎರಡಕ್ಷರ ಹಾಕುತ್ತಿದ್ದೆ. ಅದೇನು ಸನ್ಮಾನವಲ್ಲ, ಎಲ್ಲ ಆಫೀಸುಗಳಲ್ಲೂ ಇದ್ದ ಪದ್ಧತಿ.

ಆಮೇಲೆ ಕಂಪ್ಯೂಟರ್ ಬಂತು. ಅದಕ್ಕೆ ಅರಿಸಿನ ಕುಂಕುಮ ಹಚ್ಚಿದರು, ಚೆಂಡು ಹೂವಿನ ಹಾರ ಹಾಕಿದರು, ಚಪ್ಪಲಿ ಹೊರಗೆ ಬಿಡಿ ಅಂತ ಬಾಗಿಲಿಗೆ ಬೋರ್ಡು ಅಂಟಿಸಿದರು. ಮುಟ್ಟಿ ಕೆಟ್ಟರೆ ಯಾರು ಹೊಣೆ ಅಂತ ಹಳಬರೆಲ್ಲ ಹಿಂದೆ ಸರಿದರು. ನಾನು ಹೋಗಿ ಕೂತೆ. ಕಲಿತೆ. ಬೈದುಕೊಂಡು, ಕಣ್ಣು ಉರಿಸಿಕೊಂಡು ಕಲಿತೆ. ನಕ್ಷೆ ಅಚ್ಚು ಹಾಕುವ ಪ್ಲಾಟರಿನಿಂದ ಮೊದಲ ಹಾಳೆ ಹೊರಬಂದಾಗ ‘ಬರೆದವರು’ ಚೌಕ ನೋಡಿದರೆ ನನ್ನ ಅಕ್ಷರಗಳಿಲ್ಲ, ‘ಕ್ಯಾಡ್’ ಅಂತ, ನಕ್ಷೆ ಬರೆಯುವ ಸಾಫ್ಟ್‌ವೇರಿನ ಹೆಸರು ಇದೆ! ಆಫೀಸಿನ ಯಜಮಾನರಾದ ಆರ್ಕಿಟೆಕ್ಟರು ಕಂಪ್ಯೂಟರ್ ಮಾರಿದವರಿಂದಲೇ ಪಟ್ಟಿಯನ್ನು ಹಾಗೇ ಮಾಡಿಸಿ ಇಟ್ಟಿದ್ದರು.

ಕೇಳಿದೆ. ಅವರು ತೆಲುಗಿನಲ್ಲಿ, ಬಹಳ ಮರ್ಯಾದೆಯಿಂದಲೇ ಹೇಳಿದರು: “ಅಮ್ಮಾ, ಜನ ನಮ್ಮಲ್ಲಿಗೆ ಬರೋದು ಕಂಪ್ಯೂಟರ್ ನಕ್ಷೆಗೆ. ನಿಮ್ಮ ಎರಡಕ್ಷರ ನೋಡೋದಕ್ಕಲ್ಲ.”

ಮೈಯೆಲ್ಲ ಉರಿಯಿತು. ಸಂಜೆ ಮನೆಗೆ ಬಂದು ಗಂಡನ ಮುಂದೆ ಹೇಳಿದರೆ ಅವರೂ ಸಮಾಧಾನದ ದನಿಯಲ್ಲಿ, “ಹೋಗ್ಲಿ ಬಿಡು. ಹೆಂಗೂ ಅದು ತಾನಽ ಬರೀತದಲ್ಲ?” ಅಂದುಬಿಟ್ಟರು.

“ರೊಟ್ಟಿ ಹಂಚು ತಾನಽ ಮಾಡ್ತದೇನ್ರೀ? ಹಂಗಿದ್ರ ಇವತ್ತು ಹಂಚಿನ ಮುಂದ ತಾಟು ಹಿಡ್ಕೊಂಡು ಕೂಡ್ರಿ. ನೀಡ್ತದ.”

ಅವತ್ತು ಅವರು ನಿಜವಾಗಿಯೂ ಸ್ವಲ್ಪ ಹೊತ್ತು ಖಾಲಿ ತಾಟಿನ ಮುಂದೆ ಕೂತಿದ್ದರು. ಪಾಪ ಅನ್ನಿಸಲಿಲ್ಲ.

ಅದೇ ಹೊತ್ತಿಗೆ ವಿಜಯವಾಡದ ಒನ್ ಟೌನ್ ಪೇಟೆಯ ಒಬ್ಬ ಬಟ್ಟೆ ವ್ಯಾಪಾರಿಯ ಕೆಲಸ ಬಂತು. ಗನ್ನವರಂ ಹತ್ತಿರ ಮದುವೆ ಮಂಟಪ ಕಟ್ಟಿಸುತ್ತಿದ್ದರು. ಗೇಟಿನಿಂದ ಮಂಟಪದ ಮೆಟ್ಟಿಲವರೆಗೆ ಇಟ್ಟಿಗೆ ಹಾಸಿದ ದಾರಿ ಬೇಕು, ಅದು ನೆಟ್ಟಗಿರಬಾರದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಾಗಿ ಹೋಗಬೇಕು. ದಿಬ್ಬಣದವರು ಆ ದಾರಿಯಲ್ಲಿ ನಿಧಾನಕ್ಕೆ ನಡೆದು ಬರುವುದು ಚೆಂದ ಅಂತ ಅವರ ಆಸೆ.

“ಅದರಲ್ಲೇನಿದೆ, ಹ್ಯಾಚ್ ಹಾಕಿ” ಅಂದರು ಯಜಮಾನರು. ಹ್ಯಾಚ್ ಅಂದರೆ ಸಾಫ್ಟ್‌ವೇರಿನಲ್ಲಿ ಮೊದಲೇ ಸಿದ್ಧವಿರುವ ತುಂಬುವ ಮಾದರಿ. ಗಡಿ ತೋರಿಸಿದರೆ ಸಾಕು, ಒಳಗೆಲ್ಲ ಇಟ್ಟಿಗೆ ತುಂಬಿಕೊಳ್ಳುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ನೆಟ್ಟಗಿನ ಸಾಲು ಮಾತ್ರ. ದಾರಿ ಬಾಗಿದರೂ ಇಟ್ಟಿಗೆ ಬಾಗುವುದಿಲ್ಲ. ಚೌಕಳಿ ಬಟ್ಟೆಯನ್ನು ಹಾವಿನ ಆಕಾರಕ್ಕೆ ಕತ್ತರಿಸಿ ಹಾಸಿದ ಹಾಗೆ, ಅಂಚಿನ ತುಂಬ ಚೂರುಪಾರು ತುಂಡುಗಳು.

ನಾನು ಹ್ಯಾಚ್ ಹಾಕಲಿಲ್ಲ. ಒಂದು ಇಟ್ಟಿಗೆ ಬರೆದೆ. ಬಾಗಿನ ಕೇಂದ್ರ ಹುಡುಕಿ, ಆ ಕೇಂದ್ರದ ಸುತ್ತ ಆ ಇಟ್ಟಿಗೆಯನ್ನು ತಿರುಗಿಸಿ ಸಾಲು ಮಾಡಿದೆ. ಎರಡನೇ ಸಾಲು ಸ್ವಲ್ಪ ಹೊರಗೆ, ಹಾಗಾಗಿ ಉದ್ದ. ಅಲ್ಲಿ ಅಷ್ಟೇ ಇಟ್ಟಿಗೆ ಇಟ್ಟರೆ ಸಂದು ಅಗಲವಾಗುತ್ತದೆ, ಒಂದು ಹೆಚ್ಚಿಗೆ ಇಟ್ಟರೆ ಇಕ್ಕಟ್ಟಾಗುತ್ತದೆ. ಮೇಲಾಗಿ ಒಂದು ಸಾಲಿನ ಸಂದು ಪಕ್ಕದ ಸಾಲಿನ ಸಂದಿನ ಎದುರು ಬರಬಾರದು. ಎಡಕ್ಕೆ ಬಾಗಿದ ದಾರಿ ಬಲಕ್ಕೆ ಹೊರಳುವ ಕಡೆಯಂತೂ ಕೇಂದ್ರವೇ ಈ ಬದಿಯಿಂದ ಆ ಬದಿಗೆ ಜಿಗಿಯುತ್ತದೆ. ಅಲ್ಲಿ ಎಷ್ಟು ಸಲ ಅಳಿಸಿ ಬರೆದೆನೋ ಶಿವನೇ ಬಲ್ಲ. ಇಟ್ಟಿಗೆ ಹೆಚ್ಚಾದಂತೆ ಫೈಲು ಭಾರವಾಗಿ ಯಂತ್ರ ನಿಂತೇ ಬಿಡುತ್ತಿತ್ತು. ನಿಂತಾಗೆಲ್ಲ ಯಜಮಾನರು ಬಾಗಿಲಲ್ಲಿ ಕಾಣಿಸಿಕೊಂಡು, “ಕಂಪ್ಯೂಟರಿಗೆ ಆಗದ್ದನ್ನ ಯಾಕಮ್ಮಾ ಮಾಡಿಸ್ತೀರಿ?” ಅನ್ನುತ್ತಿದ್ದರು. ನಾನು ತಲೆ ಎತ್ತುತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಾಗಿತ್ತು ನನ್ನ ಪಾಡು.

ಮೊದಲ ಬಾಗು ಮುಗಿದು ಪರದೆಯ ಮೇಲೆ ಪೂರ್ತಿ ಕಂಡ ದಿನ ನಾನು ಒಬ್ಬಳೇ ನಕ್ಕೆ. ಇಟ್ಟಿಗೆಗಳು ಒಂದನ್ನೊಂದು ಹಿಂಬಾಲಿಸಿ ತಿರುಗಿದ್ದವು. ಹೆತ್ತವರಿಗೆ ಹೆಗ್ಗಣ ಮುದ್ದು, ಇರಲಿ. ಅದು ಹೆಗ್ಗಣ ಆಗಿರಲಿಲ್ಲ.

ಎರಡನೇ ಬಾಗು ಇನ್ನೂ ಅರ್ಧ ಇರುವಾಗ ಆ ವ್ಯಾಪಾರಿ ವಿಜಯವಾಡದಿಂದ ರೈಲಿನಲ್ಲಿ ಬಂದರು. ಬಿಳಿ ಪಂಚೆ, ಬಾಯಲ್ಲಿ ಎಲೆಅಡಿಕೆ. ಯಜಮಾನರು ಅವರನ್ನು ಎಸಿ ಕೋಣೆಗೆ ಕರೆತಂದು ನನ್ನ ಹಿಂದೆ ನಿಲ್ಲಿಸಿ ಹೇಳಿದರು: “ನೋಡಿ, ಇಷ್ಟೂ ಇಟ್ಟಿಗೆ ಇದೇ ಬರೆದದ್ದು. ಉಳಿದದ್ದನ್ನೂ ನಿಮ್ಮ ಕಣ್ಣೆದುರೇ ಬರೀತದೆ. ಮನುಷ್ಯರ ಕೈ ಬೇಕೇ ಇಲ್ಲ.”

ಕೈ ಬೇಕೇ ಇಲ್ಲವಂತೆ! ನಾನು ಮೌಸ್ ಬಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ.

ಕರ್ಸರ್ ಮಿಣುಕುತ್ತಿತ್ತು. ಎಸಿ ಗುರ್ರೆನ್ನುತ್ತಿತ್ತು. ವ್ಯಾಪಾರಿ ಬಗ್ಗಿ ಪರದೆ ನೋಡಿದರು. ಏನೂ ಆಗಲಿಲ್ಲ. “ಕೆಟ್ಟುಹೋಯ್ತೇನಂಡಿ?” ಅಂದರು.

ಯಜಮಾನರು ನನ್ನ ಕಿವಿಯ ಹತ್ತಿರ ಬಂದು, “ಕೊಂಚೆಂ ಗೀಯಂಡಮ್ಮಾ” ಅಂದರು. ಸ್ವಲ್ಪ ಬರೆಯಿರಿ ಅಂತ.

“ಯಾರು ಸಾರ್, ನಾನಾ?” ಅಂದೆ. ಗಟ್ಟಿಯಾಗಿಯೇ ಅಂದೆ. “ಕೈ ಬೇಕಿಲ್ಲ ಅಂದ್ರಲ್ಲ. ಬರೀಲಿ. ನಾನೂ ನೋಡ್ತೀನಿ.”

ವ್ಯಾಪಾರಿ ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡಿದರು. ಯಜಮಾನರ ಕಿವಿ ಕೆಂಪಾಗಿತ್ತು. ನಾನು ಹಾಳೆಯ ಕೆಳಗಿನ ಪಟ್ಟಿಗೆ ಹೋಗಿ, ‘ಕ್ಯಾಡ್’ ಅನ್ನುವುದನ್ನು ಅಳಿಸಿ, ನನ್ನ ಎರಡಕ್ಷರ ಟೈಪು ಮಾಡಿದೆ. ಆಮೇಲೆ ಮೌಸ್ ಹಿಡಿದೆ. ಅವರಿಬ್ಬರೂ ನಿಂತಿದ್ದಂತೆ ಮುಂದಿನ ಸಾಲು ತಿರುಗಿಸಿದೆ, ಅದರ ಮುಂದಿನದನ್ನೂ. ವ್ಯಾಪಾರಿಗೆ ಯಾರು ಬರೆದರೇನು, ದಾರಿ ಬಾಗಿದರೆ ಸಾಕಿತ್ತು. ಹಾಳೆಯನ್ನು ಅವತ್ತೇ ಒಯ್ಯುತ್ತೇನೆ ಅಂತ ಹಟ ಹಿಡಿದು ಕೂತರು. ಉಳಿದ ಅರ್ಧ ಬಾಗನ್ನು ಹೊತ್ತು ಇಳಿಯುವುದರೊಳಗೆ ಮುಗಿಸಿದೆ. ಪಟ್ಟಿಯ ಆ ಅಕ್ಷರ ಬದಲಾಯಿಸಲು ಯಜಮಾನರಿಗೆ ಹೊತ್ತೂ ಇರಲಿಲ್ಲ, ಹೇಗೆ ಬದಲಾಯಿಸಬೇಕೆಂದು ಗೊತ್ತೂ ಇರಲಿಲ್ಲ. ನನ್ನ ಅಕ್ಷರ ಹೊತ್ತ ಹಾಳೆ ಸಂಜೆಯ ರೈಲಿಗೆ ಹೋಯಿತು.

ಮರುದಿನ ಯಜಮಾನರು ‘ಅಮ್ಮಾ’ ಅನ್ನಲಿಲ್ಲ. “ಇನ್ನೊಮ್ಮೆ ಹೀಗೆ ಮಾಡಿದರೆ ಆ ಕುರ್ಚಿಯಲ್ಲಿ ಬೇರೆಯವರು ಕೂರ್ತಾರೆ” ಅಂದರು. ಕೂರಲಿ, ಇಟ್ಟಿಗೆ ತಿರುಗಿಸಲಿ, ನೋಡೋಣ ಅಂದುಕೊಂಡೆ. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಆ ಕುರ್ಚಿ ಹೋದರೆ ನನಗೆ ಮತ್ತೆ ಕಿಟಕಿಯ ದೂಳೇ ಗತಿ.

ಬೇಸಿಗೆ ಶುರುವಾಗುವ ಹೊತ್ತಿಗೆ ಗನ್ನವರಂನಿಂದ ಕಾಂಟ್ರಾಕ್ಟರ್ ಫೋನು ಮಾಡಿದ. ಯಜಮಾನರು ಸ್ವಲ್ಪ ಹೊತ್ತು ಕೇಳಿಸಿಕೊಂಡು, ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನನ್ನು ಕರೆದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ನಗು ಇತ್ತು.

“ಹಾಳೆ ಮೇಲಿನ ಆ ಎರಡಕ್ಷರ ಯಾರು ಅಂತ ಕೇಳ್ತಿದ್ದಾನೆ. ದಾರಿ ಹೊರಳೋ ಕಡೆ ಇಟ್ಟಿಗೆ ಸೇರ್ತಿಲ್ಲವಂತೆ. ಬಾಯಿಗೆ ಬಂದ ಹಾಗೆ ಬೈತಿದ್ದಾನೆ.”

ನಾನು ಎಷ್ಟೋ ಸಲ ಅಳಿಸಿ ಬರೆದ ಜಾಗವೇ ಅದು.

ಆಗ ಅವರು ದನಿ ತಗ್ಗಿಸಿದರು. ಅದರಲ್ಲಿ ಕರುಣೆಯೂ ಇತ್ತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. “ನೋಡಮ್ಮಾ, ಕಂಪ್ಯೂಟರ್ ತಪ್ಪು ಅಂದುಬಿಡಿ. ಅವನು ಸುಮ್ಮನಾಗ್ತಾನೆ, ನಾನೂ ಸುಮ್ಮನಾಗ್ತೀನಿ. ಇಲ್ಲ, ಗನ್ನವರಂಗೆ ಹೋಗಿ ನೋಡಿದಾಗ ತಪ್ಪು ನಿಮ್ಮದೇ ಅಂತಾದರೆ ಅಲ್ಲಿಂದ ಹಾಗೇ ಮನೆಗೆ ಹೋಗಿ. ಇಲ್ಲಿಗೆ ಬರಬೇಡಿ.”

ಎಷ್ಟು ಸುಲಭದ ಮಾತು! ಒಂದೇ ಮಾತಿಗೆ ಕುರ್ಚಿ ಉಳಿಯುತ್ತಿತ್ತು. ಫೋನು ತೆಗೆದುಕೊಂಡೆ. ಆ ಕಡೆಯಿಂದ ಬೈಗುಳ ಮುಗಿಯುವವರೆಗೂ ಕಾದೆ.

“ಕಂಪ್ಯೂಟರ್ ಅಲ್ಲಂಡಿ, ಬರೆದವಳು ನಾನು. ಇವತ್ತು ಯಾವ ಇಟ್ಟಿಗೆಯನ್ನೂ ಒಡೆಯಬೇಡಿ. ನಾಳೆ ಬರ್ತೀನಿ” ಅಂದೆ.

ಸಂಜೆ ಚೀಲಕ್ಕೆ ಅಳತೆ ಟೇಪು, ಹಾಳೆ, ದಾರದ ಉಂಡೆ ತುಂಬುತ್ತಿದ್ದಾಗ ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಕೇಳಿದರು: “ತಪ್ಪು ನಿಂದಽ ಇದ್ರ?”

“ಇದ್ರ ನಂದಽ ಇರ್ತದ. ಯಂತ್ರದ್ದಂತೂ ಆಗಾಂಗಿಲ್ಲ.”

ಅವರು ನೀರಿನ ಬಾಟಲಿ ತುಂಬಿಸಿ ಕೊಟ್ಟರು.

ರೈಲಿನಲ್ಲಿ ವಿಜಯವಾಡ, ಅಲ್ಲಿಂದ ಬಸ್ಸಿನಲ್ಲಿ ಗನ್ನವರಂ. ಮಂಟಪದ ಗೇಟಿನ ಒಳಗೆ ಕಾಲಿಟ್ಟರೆ, ನಾನು ಪರದೆಯ ಮೇಲೆ ಮಾತ್ರ ಕಂಡಿದ್ದ ಬಾಗು ನೆಲದ ಮೇಲೆ ಕೆಂಪಗೆ ಹರಡಿತ್ತು. ಅರ್ಧ ದೂರ ಚೆಂದವಾಗಿ ತಿರುಗಿ, ಹೊರಳುವ ಕಡೆ ಬಾಯಿ ಬಿಟ್ಟುಕೊಂಡು ನಿಂತಿತ್ತು. ಕಾಂಟ್ರಾಕ್ಟರ್ ನನ್ನ ಹಾಳೆಯನ್ನು ಕೈಯಲ್ಲಿ ಸುರುಳಿ ಸುತ್ತಿ ಹಿಡಿದು ಎದುರಿಗೆ ಬಂದ. ಹೆಂಗಸು ಬರುತ್ತಾಳೆ ಅಂತ ಫೋನಿನಲ್ಲಿ ಕೇಳಿದ್ದರೂ ನಂಬಿರಲಿಲ್ಲವೇನೋ, ಹಾಳೆಯ ಮೂಲೆ ಬಿಡಿಸಿ ಬೆರಳಿಟ್ಟು ತೋರಿಸಿದ.

“ಏಮ್ಮಾ, ಇದು ನೀವೇನಾ?”

“ನಾನೇ” ಅಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಟೇಪು ತೆಗೆದು ಇಟ್ಟಿಗೆಗಳ ಪಕ್ಕ ಕುಕ್ಕರುಗಾಲಲ್ಲಿ ಕೂತೆ. “ಎಲ್ಲಿ ಸೇರ್ತಿಲ್ಲ, ತೋರಿಸಿ.”