ಗೇಜಿಗಿಟ್ಟ ಗಂಧ

ಮದುವೆಯಾಗಿ ಎಂಟು ವರ್ಷ ಕಾದು, ಎರಡು ಸಲ ಹೊಟ್ಟೆಯಲ್ಲೇ ಕಳೆದುಕೊಂಡಿದ್ದ ನನ್ನ ಮಗಳಿಗೆ ಆಯುಧಪೂಜೆಯ ಹಿಂದಿನ ದಿನ ಹೆಣ್ಣು ಮಗು ಹುಟ್ಟಿತು. ಎರಡೂಮುಕ್ಕಾಲು ಕೇಜಿ. ತಲೆ ತುಂಬ ಕೂದಲು. ನರ್ಸಮ್ಮ ತಂದು ಕೈಗಿಟ್ಟಾಗ ಅದು ದೊಡ್ಡ ಮನುಷ್ಯರ ಹಾಗೆ ಆಕಳಿಸಿತು. ಆಸ್ಪತ್ರೆ ವರಾಂಡದಲ್ಲಿ ಗುರುತಿಲ್ಲದವರನ್ನೆಲ್ಲ ಕರೆದು ತೋರಿಸಿದೆ. ಈಗಲೂ ಆ ಮಗುವಿನ ಮಾತು ಎತ್ತಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಇಲ್ಲಿ ಹೇಳಬೇಕಾದದ್ದು ಬೇರೆ, ಅದು ಸಂತೋಷದ್ದಲ್ಲ. ಆದರೆ ಎರಡನ್ನೂ ಬಿಡಿಸಿ ಹೇಳಲು ನೋಡಿದೆ, ಆಗಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕೋಲಾರದ ಕಡೆಯಿಂದ ಗಂಡನ ಜೊತೆ ಹೊಸೂರಿಗೆ ಬಂದು, ಸಣ್ಣ ಸಣ್ಣ ಉಕ್ಕಿನ ಸಾಮಾನು ಮಾಡುವ ಶೆಡ್ಡುಗಳಲ್ಲಿ ಅಳತೆ ನೋಡುವ ಕೆಲಸ ಮಾಡುತ್ತಲೇ ಕೂದಲು ನರೆತದ್ದು. ಕೊನೆಗೆ ಸೇರಿದ್ದು ಬಾಗಲೂರು ರಸ್ತೆಯ ಒಳಗಿನ ಒಂದು ಕಾರ್ಖಾನೆಗೆ. ಸರ್ಕಾರದ ಲೈಸೆನ್ಸು ಪಡೆದು, ಗುರಿ ಹೊಡೆಯುವ ಆಟದವರಿಗೆ ರೈಫಲ್ ಮಾಡಿಕೊಡುತ್ತಿದ್ದರು. ಮೊದಲ ದಿನ ಭಯವಾಗಿತ್ತು. ಆಮೇಲೆ ಅದೂ ಒಂದು ಉಕ್ಕೇ ಅನ್ನಿಸಿತು.

ರೈಫಲಿನ ಬ್ಯಾರೆಲ್ಲಿನ ಹಿಂದುಗಡೆ ತೋಟಾ ಕೂರುವ ಜಾಗವನ್ನು ಕೊರೆಯುತ್ತಾರೆ. ಅದಕ್ಕೆ ಚೇಂಬರ್ ಅನ್ನುತ್ತಾರೆ. ಆಳ ಕಡಿಮೆಯಾದರೆ ಹಿಂದಿನಿಂದ ಬಾಗಿಲಿನ ಹಾಗೆ ಕೂರುವ ಬೋಲ್ಟು ಮುಚ್ಚುವುದಿಲ್ಲ. ಹೆಚ್ಚಾದರೆ ತೋಟಾ ಒಳಗೆ ಅಲ್ಲಾಡುತ್ತದೆ. ಹಾಗೆ ಅಲ್ಲಾಡುವುದನ್ನು ಹೊಡೆದರೆ ಅದರ ಹಿತ್ತಾಳೆ ಹಿಗ್ಗಿ ಹರಿದು, ಮುಂದಕ್ಕೆ ಹೋಗಬೇಕಾದ ಬೆಂಕಿ ಹಿಂದಕ್ಕೆ, ಹೊಡೆಯುವವರ ಮುಖಕ್ಕೆ ಬರಬಹುದು. ಸರಿಗೂ ತಪ್ಪಿಗೂ ನಡುವೆ ಇರುವುದು ಒಂದು ಕೂದಲಿನಷ್ಟು ಜಾಗ. ಅದನ್ನು ನೋಡಲು ತೋಟಾದ ಆಕಾರದ ಎರಡು ಉಕ್ಕಿನ ಗೇಜು. ಗೋ ಗೇಜು ಹಾಕಿದರೆ ಬೋಲ್ಟು ಮುಚ್ಚಬೇಕು, ನೋ-ಗೋ ಹಾಕಿದರೆ ಮುಚ್ಚಬಾರದು. ಎರಡೇ ಬೆರಳಿನಲ್ಲಿ ಮುಚ್ಚಿ ನೋಡಬೇಕು, ಒತ್ತಬಾರದು. ಕೊರೆದವರು ತಾವೇ ಅಳತೆ ನೋಡುವ ಹಾಗಿಲ್ಲ ಅನ್ನುವುದು ಅಲ್ಲಿನ ಕಟ್ಟುಪಾಡು. ಕೊರೆಯುವವನು ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ತೊರಪಲ್ಲಿ ಕಡೆಯವನು, ನನ್ನನ್ನು ಅಕ್ಕ ಅನ್ನುತ್ತಿದ್ದ. ಅಳತೆ ನೋಡುವುದು ನಾನು. ನನ್ನ ಬೆರಳು ಹಗುರ ಅಂತ ಎಲ್ಲರೂ ಹೇಳುತ್ತಿದ್ದರು, ನನಗೂ ಅದರ ಹೆಮ್ಮೆ ಇತ್ತು.

ಆಯುಧಪೂಜೆಯ ದಿನ ಮೆಷಿನ್ನುಗಳಿಗೆಲ್ಲ ಗಂಧ ಕುಂಕುಮ ಹಚ್ಚಿ, ಪುರಿ ಕಡಲೆ ಹಂಚಿ, ಬೂದುಗುಂಬಳ ಒಡೆಯುತ್ತಿದ್ದೆವು. ಗೇಜುಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಸೂಪರ್‌ವೈಸರು ಅವುಗಳ ಮರದ ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಬೊಟ್ಟು ಇಡುತ್ತಿದ್ದರು, ಅಷ್ಟೇ. ಆ ವರ್ಷ ಅವರು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

"ಅಜ್ಜಿ ಆಗಿದ್ದೀರಲ್ಲಕ್ಕಾ, ಈ ಸಲ ನಿಮ್ ಕೈಯಾಗೇ ಪೂಜೆ ಆಗ್ಲಿ."

ನಾನು ಲೇತಿಗೆ ಹಚ್ಚಿದೆ, ಡ್ರಿಲ್ಲಿಗೆ ಹಚ್ಚಿದೆ, ಟೀ ಫ್ಲಾಸ್ಕಿಗೂ ಹಚ್ಚಿದೆ. ಕೊರೆಯುವವನು ನಗಾಡಿದ.

"ಸಾಕು ಬಿಡಕ್ಕ, ಮೆಷಿನ್ನಿಗೇನು ಮದ್ವೆ ಮಾಡ್ತೀಯಾ?"

"ಮಾಡ್ತೀನಿ ಕಣ್ಲಾ. ನನ್ ಮೊಮ್ಮಗಳು ಹುಟ್ಟವ್ಳೆ. ಇವತ್ತು ನಾನು ಏನ್ ಮಾಡಿದ್ರೂ ನಡೀತದೆ."

ಗೇಜಿನ ಪೆಟ್ಟಿಗೆ ತೆಗೆದೆ. ವರ್ಷವೆಲ್ಲ ನನಗೆ ಅನ್ನ ಹಾಕುವವು ಇವೇ, ಇವಕ್ಕೆ ಯಾಕಿಲ್ಲ ಅನ್ನಿಸಿತು. ಒಂದೊಂದರ ಬುಡಕ್ಕೂ ಉಂಗುರದ ಬೆರಳಲ್ಲಿ ಗಂಧ ಇಟ್ಟು, ಅದರ ಮೇಲೆ ಚಿಟಿಕೆ ಕುಂಕುಮ ಇಟ್ಟೆ. ಕೈ ಮುಗಿದೆ. ಯಾರೂ ಬೇಡ ಅನ್ನಲಿಲ್ಲ. ಎಲ್ಲರೂ ನನ್ನ ಸಂತೋಷ ನೋಡುತ್ತಿದ್ದರು, ಕೈ ನೋಡುತ್ತಿರಲಿಲ್ಲ.

ರಜೆ ಕಳೆದು ಕೆಲಸ ಶುರುವಾದ ಬೆಳಗ್ಗೆ ಗೇಜುಗಳನ್ನು ಒರೆಸಿದೆ. ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿ, ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಬೇಕು. ಒರೆಸಿದೆ, ಕೆಂಪು ಹೋಯಿತು. ದೀಪಕ್ಕೆ ಹಿಡಿಯಲಿಲ್ಲ. ಎಡಗೈಯಲ್ಲಿ ಫೋನಿತ್ತು, ಪಕ್ಕದ ಟೇಬಲ್ಲಿನವಳಿಗೆ ಮಗುವಿನ ಫೋಟೊ ತೋರಿಸುತ್ತಿದ್ದೆ. ಗಂಧ ಒಣಗಿದರೆ ಉಕ್ಕಿನ ಮೇಲೆ ಚರ್ಮದ ಹಾಗೆ ಹಿಡಿದುಕೊಳ್ಳುತ್ತದೆ, ಬಣ್ಣವೂ ಅಷ್ಟಾಗಿ ಕಾಣುವುದಿಲ್ಲ.

ಮೊದಲ ಬ್ಯಾರೆಲ್ಲು ಬಂತು. ಗೋ ಗೇಜು ಹಾಕಿದೆ. ಬೋಲ್ಟು ಮುಚ್ಚಲಿಲ್ಲ.

"ಇನ್ನೂ ಬಿಗಿ ಐತೆ."

"ಐತಾ? ನನ್ ಲೆಕ್ಕದಾಗೆ ಸರಿಯಾಗಿ ಬಂದಿತ್ತಲ್ಲಕ್ಕಾ."

"ನಿನ್ ಲೆಕ್ಕ ನಿನ್ ಹತ್ರಾನೇ ಇಟ್ಕೋ. ಇನ್ನೊಂಚೂರು ತೆಗಿ."

ಅವನು ಇನ್ನೊಂಚೂರು ತೆಗೆದ. ಆಗ ಗೋ ಮುಚ್ಚಿತು, ನೋ-ಗೋ ಮುಚ್ಚಲಿಲ್ಲ. ನಾನು ಪಾಸು ಬರೆದೆ. ಎರಡನೆಯದೂ ಹಾಗೇ. ಎರಡು ಗೇಜಿಗೂ ನಾನೇ ಗಂಧ ಇಟ್ಟಿದ್ದೆ, ಅದರ ದಪ್ಪದಷ್ಟು ಎರಡೂ ಉದ್ದವಾಗಿ ಒಂದೇ ಸುಳ್ಳು ಹೇಳಿದವು. ಅವನ ಲೆಕ್ಕ ಸರಿಯಾಗಿತ್ತು. ಅವನು ತನ್ನ ಲೆಕ್ಕ ಬಿಟ್ಟು ನನ್ನ ಬೆರಳನ್ನು ನಂಬಿದ.

ಊಟವಾದ ಮೇಲೆ ಗೇಜು ಒರೆಸುವಾಗ ಗೊತ್ತಾಯಿತು. ದೀಪದ ಕೆಳಗೆ, ಬುಡದಲ್ಲಿ ಉಗುರಿನ ಅಂಚಿನಂಥ ಒಂದು ಮಸುಕು. ಉಗುರು ಹಾಕಿ ಕೆರೆದೆ. ಪುಡಿಯಾಗಿ ಬಂತು, ಮೂಸಿದರೆ ಗಂಧ. ಎರಡನ್ನೂ ಚೆನ್ನಾಗಿ ಉಜ್ಜಿ, ಸ್ಟ್ಯಾಂಡಿನಲ್ಲಿದ್ದ ಎರಡನೇ ಬ್ಯಾರೆಲ್ಲಿಗೆ ನೋ-ಗೋ ಹಾಕಿದೆ. ಮುಚ್ಚಬಾರದಾಗಿದ್ದ ಬೋಲ್ಟು ಬೆರಳು ತಾಗಿಸುವಷ್ಟರಲ್ಲಿ ಮುಚ್ಚಿಕೊಂಡಿತು. ಮೊದಲ ಬ್ಯಾರೆಲ್ಲು ಆಗಲೇ ರೈಫಲ್ಲಾಗಿ ಹಿಂದಿನ ಟೆಸ್ಟ್ ರೂಮಿಗೆ ಹೋಗಿತ್ತು.

ಟೆಸ್ಟ್ ರೂಮಿನಲ್ಲಿ ಹೊಡೆದು ನೋಡುತ್ತಿದ್ದವರು ಮಿಲಿಟರಿಯಿಂದ ರಿಟೈರಾಗಿ ಬಂದ, ಸೂಳಗಿರಿಯ ಒಬ್ಬರು. ನಾನು ಅಣ್ಣ ಅನ್ನುತ್ತಿದ್ದೆ. ಅವರು ತಮಿಳಿನಲ್ಲಿ ತಂಗಚ್ಚಿ ಅಂತ ಕರೆದು, ಮಿಕ್ಕಿದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಮೊದಲು ರೈಫಲನ್ನು ಕಬ್ಬಿಣದ ಹಿಡಿಗೆ ಕಟ್ಟಿ ದೂರದಿಂದ ಹಗ್ಗ ಎಳೆದು ಹೊಡೆಯುತ್ತಾರೆ, ಆಮೇಲೆ ಹೆಗಲಿಗಿಟ್ಟು. ನನ್ನ ಟೇಬಲ್ಲಿನಿಂದ ಆ ರೂಮಿಗೆ ಮೂವತ್ತು ಹೆಜ್ಜೆ. ನಾನು ಎದ್ದೆ. ಅಷ್ಟರಲ್ಲಿ ಮಗಳ ವಿಡಿಯೊ ಕಾಲ್ ಬಂತು.

ಯಾಕೆ ಎತ್ತಿದೆ ಅಂತ ಬಹಳ ಸಲ ಕೇಳಿಕೊಂಡಿದ್ದೇನೆ. ನಾನೇ ಮಾಡಿದ್ದು ಅಂತ ಹೇಳಬೇಕಲ್ಲ, ಹೇಳುವ ಮುಂಚೆ ಒಂದು ಸಲ ಆ ಮುಖ ನೋಡೋಣ ಅನ್ನಿಸಿತು. ಬೇರೆ ಕಾರಣ ಇಲ್ಲ. ಮಗು ಬೆಕ್ಕಿನಂತೆ ಮುಷ್ಟಿ ಮಾಡಿಕೊಂಡು ಮಲಗಿತ್ತು. "ನೋಡವ್ವ, ನಿದ್ದೇನಾಗೆ ನಗ್ತಾ ಐತೆ" ಅಂದಳು ಮಗಳು. ನಾನು ನೋಡಿದೆ. ಹಿಂದುಗಡೆಯಿಂದ ಗುಂಡಿನ ಸದ್ದು ದಿನವೂ ಕೇಳುತ್ತಿದ್ದದ್ದೇ, ನಮಗ್ಯಾರಿಗೂ ಅದು ಕಿವಿಗೆ ಬೀಳುವುದಿಲ್ಲ. ಈ ಸಲದ್ದು ಬಿತ್ತು. ಅದು ಸೀಳಿದ ಹಾಗಿತ್ತು.

ಹಿಡಿಗೆ ಕಟ್ಟಿ ಹೊಡೆದದ್ದು ಸರಿಯಾಗೇ ಹೋಗಿತ್ತಂತೆ, ಹೆಗಲಿಗಿಟ್ಟು ಹೊಡೆದಾಗ ತೋಟಾ ಒಡೆದಿತ್ತು. ಅಣ್ಣ ಕನ್ನಡಕ ಹಾಕಿದ್ದರು. ಬೆಂಕಿ ಕನ್ನಡಕದ ಪಕ್ಕದಿಂದ ನುಗ್ಗಿತ್ತು. ಬಲಗೆನ್ನೆ ಕಪ್ಪಾಗಿತ್ತು, ಕಣ್ಣಿನ ಮೇಲೆ ಕೈ ಮುಚ್ಚಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಕೂಗಲಿಲ್ಲ. "ರೈಫಲ್ ಮುಟ್ಟಬೇಡಿ, ಹಂಗೇ ಬಿಡಿ" ಅಂತ ಮಾತ್ರ ಹೇಳುತ್ತಿದ್ದರು.

ಆಂಬುಲೆನ್ಸು ಹೋದ ಮೇಲೆ ಸೂಪರ್‌ವೈಸರು ಕೊರೆಯುವವನ ಮೇಲೆ ಬಿದ್ದರು. ಅವನು ಮೆಷಿನ್ ಹಿಡಿದುಕೊಂಡು ನಿಂತಿದ್ದ.

"ಎಷ್ಟಲಾ ಆಳ ತೆಗ್ದೆ? ಕಣ್ ಎಲ್ಲಿ ಮಡಗಿದ್ದೆ?"

ಅವನು ನನ್ನ ಕಡೆ ನೋಡಲಿಲ್ಲ. ಅಕ್ಕ ತೆಗಿ ಅಂದಳು ಅಂತ ಒಂದು ಮಾತು ಆಡಲಿಲ್ಲ. ಪೆಟ್ಟಿಗೆಯಲ್ಲಿ ಗೇಜುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು, ನಾನೇ ಉಜ್ಜಿದ್ದೆ. ನಾನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಅವನದೇನೂ ಇಲ್ಲ ಸಾರ್. ಗೇಜಿಗೆ ಗಂಧ ಮೆತ್ತಿತ್ತು, ನಾನೇ ಹಚ್ಚಿದ್ದು. ಊಟ ಆದ್ಮೇಲೆ ನೋಡ್ದೆ. ನೋಡಿದ್ಮೇಲೂ ಓಡ್ಲಿಲ್ಲ, ಫೋನ್ ನೋಡ್ತಾ ನಿಂತ್ಬುಟ್ಟೆ."

ಕೊನೆಯ ಮಾತನ್ನು ಹೇಳದಿದ್ದರೂ ಆಗುತ್ತಿತ್ತು. ಸೂಪರ್‌ವೈಸರು ಟೇಬಲ್ಲಿನ ಅಂಚು ಹಿಡಿದು ಕೂತರು. ತಟ್ಟೆ ಕೊಟ್ಟದ್ದು ಅವರೇ ಅಂತ ಅವರಿಗೂ ನೆನಪಾಗಿರಬೇಕು. ವಿಚಾರಣೆಗೆ ಬಂದವರು ತೋಟಾದ ಹಿತ್ತಾಳೆಯೂ ದುರ್ಬಲವಾಗಿತ್ತೇನೋ ಅಂದರು. ಇದ್ದೀತು. ಆದರೆ ಆ ಮೂವತ್ತು ಹೆಜ್ಜೆಯಲ್ಲಿ ಹಿತ್ತಾಳೆಯದೇನೂ ಇಲ್ಲ. ನನ್ನನ್ನು ಗೇಜಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು.

ಅಣ್ಣನ ಬಲಗಣ್ಣು ಹೋಯಿತು. ಒಂದು ತಿಂಗಳಾದ ಮೇಲೆ ಸೂಳಗಿರಿಗೆ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಅವರ ಹೆಂಡತಿ ಕುರ್ಚಿ ಹಾಕಿದರು, ಕೂತ್ಕೊಳ್ಳಿ ಅನ್ನದೆ ಕಾಫಿ ತಂದಿಟ್ಟು ಒಳಗೆ ಹೋದರು. ಹೇಳಬೇಕೆಂದು ದಾರಿಯುದ್ದಕ್ಕೂ ಬೇಕಾದಷ್ಟು ಮಾತು ಜೋಡಿಸಿಕೊಂಡಿದ್ದೆ. ತಪ್ಪಾಯ್ತಣ್ಣ ಅಂದೆ, ಅಷ್ಟೇ. ಅವರು ಕೈ ಆಡಿಸಿ ಕೇಳಿದರು.

"ಅದಿರ್ಲಿ ತಂಗಚ್ಚಿ. ಮಗು ಹೆಂಗದೆ?"

ಚೆನ್ನಾಗಿದೆ ಅಂತ ಒಂದು ಮಾತು ಹೇಳಿ ಸುಮ್ಮನಾಗಬೇಕಿತ್ತು. ಬಾಯಿ ತೆರೆದೆ ನೋಡಿ, ನಿಲ್ಲಲೇ ಇಲ್ಲ. ಕತ್ತು ನಿಲ್ಲಿಸೋದಕ್ಕೆ ನೋಡ್ತದೆ, ಸ್ನಾನ ಮಾಡಿಸಿದರೆ ನನ್ನನ್ನೇ ಬೈದ ಹಾಗೆ ಅಳ್ತದೆ, ಸಾಂಬ್ರಾಣಿ ಹೊಗೆಗೆ ಸೀನ್ತದೆ, ದನಿ ಕೇಳಿದರೆ ನನ್ನ ಕಡೆಗೇ ತಿರುಗ್ತದೆ ಅಂತ ಹೇಳುತ್ತಲೇ ಹೋದೆ. ಮುಖದಲ್ಲಿ ನಗು ಬಂದುಬಿಟ್ಟಿತ್ತು, ಅದು ನನಗೇ ಗೊತ್ತಾಗುತ್ತಿತ್ತು, ತಡೆಯಲಾಗುತ್ತಿರಲಿಲ್ಲ. ಅಣ್ಣನೂ ನಕ್ಕರು. ನಕ್ಕಾಗ ಕೆನ್ನೆಯ ಹೊಸ ಚರ್ಮ ಎಳೆದು ನೋವಾಗಿ ಅಲ್ಲಿ ಕೈ ಇಟ್ಟುಕೊಂಡರು.

ಅವರ ಹೆಂಡತಿ ಒಳಗಿಂದ ಬಂದು, ನಾನು ಇನ್ನೂ ಮುಟ್ಟದಿದ್ದ ಕಾಫಿ ಲೋಟವನ್ನು ಎತ್ತಿಕೊಂಡರು.

"ಸಾಕು ಬಿಡಮ್ಮ. ಅವ್ರನ್ನ ನಗಿಸ್ಬೇಡ ಅಂತ ಡಾಕ್ಟ್ರು ಹೇಳವ್ರೆ."

ನಾನು ಎದ್ದು ಸೆರಗು ಸರಿ ಮಾಡಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಆಮೇಲೆ ಆ ಮನೆಗೆ ಹೋಗಿಲ್ಲ.